ಹಳೇ ಮೋಟೊಕ್ರಾಸ್ ಬೈಕನ್ನು ರೇಸಿಗೆ ಸಜ್ಜು ಮಾಡುವುದು ಹೇಗೆ?

1964ರಲ್ಲಿ 250 ಸಿಸಿ ಮೋಟೊಕ್ರಾಸ್ ವಿಶ್ವ ಚಾಂಪಿಯನ್ ಆದಾಗ ಬೆಲ್ಜಿಯಂನ ಜೋಯೆಲ್ ರೋಬೆರ್‌ಗೆ ಇನ್ನೂ ಇಪ್ಪತ್ತು ವರ್ಷ. ಆತ ಓಡಿಸಿದ್ದು ಚೆಕೊಸ್ಲೊವಾಕಿಯಾದ ಸಿಝೆಡ್ ಬೈಕು. ಅದೇ ಮನೆತನದ ಜಾವಾ ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಯಿತು, ಮುಂದೆ ಯೆಜ್ಡಿ ಹೆಸರಿನಲ್ಲಿ 1996ರವರೆಗೂ ಬಂತು. ಟೂ ಸ್ಟ್ರೋಕ್ ಎಂಜಿನ್ನಿನ ಒಳಗುಟ್ಟು ಬಲ್ಲ ಮೆಕ್ಯಾನಿಕ್‌ಗಳು ಮೈಸೂರು, ಬೆಂಗಳೂರಿನಲ್ಲಿ ಈಗಲೂ ಇರುವುದಕ್ಕೆ ಅದೂ ಒಂದು ಕಾರಣ.

ಹಳೇ ಬೈಕು ಮನೆಗೆ ಬಂದ ಕೂಡಲೇ ಅದರ ಸ್ಪೀಡು ಹೆಚ್ಚಿಸಲು ಹೊರಡಬೇಡಿ. ಪೋರ್ಟ್ ಕೊರೆಸುವುದು, ದೊಡ್ಡ ಕಾರ್ಬ್ಯುರೇಟರ್ ಕೂರಿಸುವುದು ಎಲ್ಲ ಆಮೇಲಿನ ಮಾತು. ಐವತ್ತು ವರ್ಷದ ಹಿಂದೆ ಅದು ಕಾರ್ಖಾನೆಯಿಂದ ಹೊರಬಂದಾಗ ಹೇಗೆ ಓಡುತ್ತಿತ್ತೋ ಹಾಗೆ ಓಡಿಸುವುದೇ ಮೊದಲ ಟ್ಯೂನಿಂಗ್, ಹೊಸಬರಿಗೆ ಅಷ್ಟು ವೇಗವೇ ಧಾರಾಳವಾಯಿತು. ಅದಕ್ಕೊಂದು ಕ್ರಮವಿದೆ: ಮೊದಲು ಗಾಳಿ, ಆಮೇಲೆ ಕಿಡಿ, ಕೊನೆಗೆ ಪೆಟ್ರೋಲು. ಈ ಕ್ರಮ ತಪ್ಪಿದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ.

ಹಂತ 1: ಬೈಕ್ ಆರಿಸಿ

ಮೊದಲು ಎಲ್ಲಿ, ಯಾವ ವರ್ಗದಲ್ಲಿ ಓಡಿಸುತ್ತೀರಿ ಎಂದು ಗೊತ್ತು ಮಾಡಿಕೊಂಡು ಆಮೇಲೆ ಬೈಕ್ ಕೊಳ್ಳಿ. ಅಮೆರಿಕದಲ್ಲಿ ಹಳೇ ಬೈಕುಗಳ ರೇಸ್ ನಡೆಸುವ ಆರ್ಮಾ ಸಂಸ್ಥೆಯ ವಿಂಟೇಜ್ ವರ್ಗಗಳಲ್ಲಿ ಮುಂದಿನ ಸಸ್ಪೆನ್ಷನ್ 7 ಇಂಚಿಗಿಂತ, ಹಿಂದಿನದು 4 ಇಂಚಿಗಿಂತ ಹೆಚ್ಚು ಆಡುವಂತಿಲ್ಲ. ಬ್ರಿಟನ್ನಿನಲ್ಲಿ 1965ಕ್ಕಿಂತ ಹಿಂದಿನ ಬೈಕುಗಳಿಗೆಂದೇ ಪ್ರತ್ಯೇಕ ವರ್ಗ ಉಂಟು. ಅಮೆರಿಕದಲ್ಲಿರುವ ಕನ್ನಡಿಗರು ಮೊದಲ ಬೈಕಾಗಿ 1973ರ ಹೋಂಡಾ ಎಲ್ಸಿನೋರ್ ಸಿಆರ್250ಎಂ ನೋಡಬಹುದು. ಹಗುರ, ಬಿಡಿಭಾಗಕ್ಕೂ ಅಲೆಯಬೇಕಿಲ್ಲ. ಇಲ್ಲಿರುವವರಿಗೆ ಕೈಗೆಟುಕುವುದು ಯೆಜ್ಡಿ ಅಥವಾ ಆರ್‌ಎಕ್ಸ್ 100. ಅವು ಮೋಟೊಕ್ರಾಸ್ ಬೈಕುಗಳಲ್ಲ, ದೊಡ್ಡ ಜಂಪ್‌ಗಳಿಗೆ ಅವುಗಳ ಫ್ರೇಮ್ ತಡೆಯುವುದಿಲ್ಲ. ಆದರೆ ಮಣ್ಣಿನ ಸಮತಟ್ಟು ಟ್ರ್ಯಾಕಿನಲ್ಲಿ ಟ್ಯೂನಿಂಗ್ ಕಲಿಯಲು ಅವಕ್ಕಿಂತ ಒಳ್ಳೆಯ ಗುರು ಇಲ್ಲ.

ಕೊಳ್ಳುವಾಗ ಹೊಳೆಯುವ ಪೇಂಟಿಗೆ ಮರುಳಾಗಬೇಡಿ. ಫ್ರೇಮ್‌ನಲ್ಲಿ ವೆಲ್ಡಿಂಗ್ ಗುರುತು ಇದೆಯೇ, ಸ್ವಿಂಗ್ ಆರ್ಮ್ ಅಕ್ಕಪಕ್ಕ ಅಲ್ಲಾಡುತ್ತದೆಯೇ ನೋಡಿ.

ಹಂತ 2: ಗಾಳಿ ಸೋರುತ್ತಿದೆಯೇ ನೋಡಿ

ಬಹಳ ಜನ ಬಿಟ್ಟುಬಿಡುವ ಹಂತ ಇದು, ಹೆಚ್ಚಿನ ಎಂಜಿನ್‌ಗಳು ಹಾಳಾಗುವುದೂ ಇಲ್ಲೇ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲು ಬೆರೆತ ಗಾಳಿ ಮೊದಲು ಕ್ರ್ಯಾಂಕ್‌ಕೇಸಿಗೆ ಬಂದು, ಅಲ್ಲಿ ಒತ್ತಡಕ್ಕೆ ಸಿಕ್ಕಿ ಮೇಲೇರುತ್ತದೆ. ಕ್ರ್ಯಾಂಕಿನ ಎರಡೂ ತುದಿಯಲ್ಲಿರುವ ರಬ್ಬರ್ ಆಯಿಲ್ ಸೀಲ್‌ಗಳು ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಒಣಗಿ ಗಡುಸಾಗುತ್ತವೆ. ಕ್ಲಚ್ ಕಡೆಯ ಸೀಲ್ ಹೋದರೆ ಎಂಜಿನ್ ಗೇರ್ ಆಯಿಲನ್ನು ಹೀರಿಕೊಂಡು ಬಿಳಿ ಹೊಗೆ ಕಾರುತ್ತದೆ, ಹಾಗಾಗಿ ಬೇಗ ಗೊತ್ತಾಗುತ್ತದೆ. ಮ್ಯಾಗ್ನೆಟ್ ಕಡೆಯದು ಹೋದರೆ ಹೊಗೆಯೇನೂ ಬರುವುದಿಲ್ಲ. ಹೊರಗಿನ ಗಾಳಿ ನುಗ್ಗಿ ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿ ಹೆಚ್ಚಿ ಪೆಟ್ರೋಲು ಸಾಲದಾಗುತ್ತದೆ, ಪಿಸ್ಟನ್ ಕಾಯುತ್ತದೆ, ಫುಲ್ ಥ್ರಾಟಲ್‌ನಲ್ಲಿ ಸೀಜ್ ಆಗುತ್ತದೆ. ಥ್ರಾಟಲ್ ಬಿಟ್ಟ ಮೇಲೂ ಎಂಜಿನ್ ಕೂಗುತ್ತಲೇ ಇದ್ದರೆ ಇದನ್ನೇ ಮೊದಲು ಅನುಮಾನಿಸಿ.

ಪರೀಕ್ಷೆ ಸುಲಭ. ಕಾರ್ಬ್ಯುರೇಟರ್, ಸೈಲೆನ್ಸರ್ ಎರಡನ್ನೂ ಬಿಚ್ಚಿ, ಆ ಎರಡು ಬಾಯಿಗಳನ್ನು ರಬ್ಬರ್ ಬಿರಡೆಯಿಂದ ಬಿಗಿಯಾಗಿ ಮುಚ್ಚಿ. ಒಂದು ಬಿರಡೆಗೆ ಟ್ಯೂಬ್ ವಾಲ್ವ್ ಹಾಕಿ ಕೈಪಂಪಿನಿಂದ 6 ಪಿಎಸ್‌ಐ ಗಾಳಿ ತುಂಬಿ. ಅದಕ್ಕಿಂತ ಹೆಚ್ಚು ಬೇಡ, ಒಳ್ಳೆಯ ಸೀಲೇ ಎದ್ದುಬಿಡಬಹುದು. ಆರು ನಿಮಿಷ ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಲ್ಲಬೇಕು. ಇಳಿದರೆ ಸೋಪಿನ ನೀರನ್ನು ಬ್ರಷ್‌ನಲ್ಲಿ ಹಚ್ಚುತ್ತ ಹೋಗಿ: ಹೆಡ್ಡಿನ ಸುತ್ತ, ಸಿಲಿಂಡರ್ ಬುಡ, ಕ್ರ್ಯಾಂಕ್‌ಕೇಸಿನ ಜೋಡಣೆ, ಕೊನೆಗೆ ಮ್ಯಾಗ್ನೆಟ್ ಕವರ್ ತೆಗೆದು ಸೀಲಿನ ಅಂಚು. ಸಣ್ಣ ಸಣ್ಣ ಗುಳ್ಳೆಗಳು ಸಾಲಾಗಿ ಏಳುವ ಜಾಗವೇ ರೋಗದ ಜಾಗ. ಸೀಲ್ ಬದಲಾಯಿಸಿ, ಮತ್ತೆ ಗಾಳಿ ತುಂಬಿ ನೋಡಿ. ಈ ಪರೀಕ್ಷೆ ಪಾಸಾಗದೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಜೆಟ್ ಮುಟ್ಟಬೇಡಿ.

ಹಂತ 3: ಕಿಡಿಯ ಟೈಮಿಂಗ್

ಕಿಡಿಯ ಕ್ಷಣವನ್ನು ನಿರ್ಧರಿಸುವ ಕಾಂಟ್ಯಾಕ್ಟ್ ಪಾಯಿಂಟ್ ಇರುವ ಬೈಕಾದರೆ ಮೊದಲು ಪಾಯಿಂಟಿನ ಮುಖಗಳನ್ನು ಚೊಕ್ಕ ಮಾಡಿ, ಮ್ಯಾನ್ಯುಯಲ್ ಹೇಳುವ ಗ್ಯಾಪ್ ಇಡಿ. ಪ್ಲಗ್ ತೆಗೆದು ಆ ತೂತಿಗೆ ಡಯಲ್ ಗೇಜ್ ಕೂರಿಸಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಗೇಜನ್ನು ಸೊನ್ನೆಗೆ ತನ್ನಿ. ಈಗ ಎಂಜಿನ್ನನ್ನು ಹಿಮ್ಮುಖವಾಗಿ ತಿರುಗಿಸಿ, ಬೇಕಾದ ಅಳತೆಗಿಂತ ತುಸು ಹೆಚ್ಚೇ ಕೆಳಗಿಳಿಸಿ. ಪಾಯಿಂಟಿನ ನಡುವೆ ಸಿಗರೇಟಿನ ತೆಳು ಕಾಗದದ ಚೂರು ಸಿಕ್ಕಿಸಿ, ಮೆಲ್ಲಗೆ ಎಳೆದು ಹಿಡಿದುಕೊಂಡು, ಎಂಜಿನ್ ಓಡುವ ದಿಕ್ಕಿಗೇ ತಿರುಗಿಸುತ್ತ ಬನ್ನಿ. ಕಾಗದ ಜಾರಿ ಕೈಗೆ ಬಂದ ಕ್ಷಣ ಪಾಯಿಂಟ್ ತೆರೆಯಿತು, ಅಂದರೆ ಕಿಡಿ ಹಾರುವುದು ಅಲ್ಲೇ. ಆಗ ಗೇಜ್ ತೋರಿಸುವ ಮಿಲಿಮೀಟರ್ ನಿಮ್ಮ ಬೈಕಿನ ಮ್ಯಾನ್ಯುಯಲ್‌ನಲ್ಲಿರುವ ಅಂಕಿಗೆ ಸರಿಹೊಂದಬೇಕು. ಹೊಂದದಿದ್ದರೆ ಪ್ಲೇಟ್ ಸಡಿಲಿಸಿ, ಕೂದಲೆಳೆಯಷ್ಟು ಸರಿಸಿ, ಮತ್ತೆ ಮಾಡಿ. ಕಿಡಿ ಬೇಗ ಹಾರಿದರೆ ಪವರ್ ಹೆಚ್ಚುತ್ತದೆ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ, ಪಿಸ್ಟನ್ ನೆತ್ತಿಯಲ್ಲಿ ತೂತು ಬೀಳುವ ದಾರಿ ಅದು.

ಹಂತ 4: ಪೆಟ್ರೋಲು, ಆಯಿಲು, ಜೆಟ್

ಇಂದಿನ ಒಳ್ಳೆಯ ಟೂ ಸ್ಟ್ರೋಕ್ ಆಯಿಲ್ ಬಳಸಿದರೆ 32:1 ಸಾಕು, ಅಂದರೆ 5 ಲೀಟರ್ ಪೆಟ್ರೋಲಿಗೆ 156 ಮಿಲಿ. ಒಂದೇ ಆಯಿಲ್, ಒಂದೇ ಪ್ರಮಾಣಕ್ಕೆ ಅಂಟಿಕೊಳ್ಳಿ. ಆಯಿಲ್ ಹೆಚ್ಚು ಹಾಕಿದರೆ ಎಂಜಿನ್ನಿಗೆ ಕ್ಷೇಮ ಎನ್ನುವುದು ಅರ್ಧಸತ್ಯ. ಅದೇ ಜೆಟ್‌ನಲ್ಲಿ ಆಯಿಲ್ ಜಾಸ್ತಿಯಾದಷ್ಟೂ ಪೆಟ್ರೋಲು ಕಡಿಮೆ ಹೋಗುತ್ತದೆ, ಮಿಶ್ರಣ ಲೀನ್ ಆಗುತ್ತದೆ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ಕೂಡ ಲೀನ್ ಕಡೆಗೇ ಎಳೆಯುತ್ತದೆ.

ಥ್ರಾಟಲ್ ಗ್ರಿಪ್ ಮೇಲೆ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಗುರುತು ಮಾಡಿ. ಮೊದಲ ಕಾಲುಭಾಗ ಪೈಲಟ್ ಜೆಟ್ಟಿನ ಅಧೀನ, ನಡುವಿನದು ನೀಡಲ್‌ನದು, ಮುಕ್ಕಾಲು ದಾಟಿದರೆ ಮೇನ್ ಜೆಟ್. ಬೈಕ್ ಎಲ್ಲಿ ತಡವರಿಸುತ್ತದೋ ಅಲ್ಲಿನದನ್ನು ಮಾತ್ರ ಬದಲಿಸಿ, ಒಂದು ಸಲಕ್ಕೆ ಒಂದೇ ಬದಲಾವಣೆ.

ಮೇನ್ ಜೆಟ್ ಬೇಕೆಂದೇ ದೊಡ್ಡದು ಹಾಕಿ ಶುರು ಮಾಡಿ. ಹೊಸ ಪ್ಲಗ್ ಹಾಕಿ, ಉದ್ದನೆಯ ನೇರದಲ್ಲಿ ಫುಲ್ ಥ್ರಾಟಲ್ ಕೊಟ್ಟು, ಅದೇ ವೇಗದಲ್ಲಿ ಕಿಲ್ ಸ್ವಿಚ್ ಒತ್ತಿ ಕ್ಲಚ್ ಹಿಡಿದು ನಿಲ್ಲಿಸಿ. ಪ್ಲಗ್ ಬಿಚ್ಚಿ ಪಿಂಗಾಣಿಯ ಬುಡ ನೋಡಿ. ಹಸಿ ಕಪ್ಪಾದರೆ ರಿಚ್, ಅಂದರೆ ಪೆಟ್ರೋಲು ಹೆಚ್ಚು, ಜೆಟ್ ಒಂದು ಸೈಜ್ ಇಳಿಸಿ. ತಿಳಿ ಕಂದು ಕಂಡರೆ ನಿಲ್ಲಿಸಿ. ಬೆಳ್ಳಗಿದ್ದರೆ ಬೈಕನ್ನು ಮತ್ತೆ ಓಡಿಸದೆ ದೊಡ್ಡ ಜೆಟ್ ಹಾಕಿ. 900 ಮೀಟರ್ ಎತ್ತರದ ಬೆಂಗಳೂರಿನ ತೆಳು ಗಾಳಿಗೆ ಹೊಂದಿಸಿದ ಜೆಟ್ ಮಂಗಳೂರಿನ ಕಡಲ ಮಟ್ಟದಲ್ಲಿ ಚಿಕ್ಕದಾಗುತ್ತದೆ. ಆದ್ದರಿಂದ ಊರು, ಹವಾಮಾನ, ಜೆಟ್ ನಂಬರ್ ಮೂರನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ.

ಹಂತ 5: ಎಕ್ಸ್‌ಪಾನ್ಷನ್ ಚೇಂಬರ್

ಹೊಟ್ಟೆ ಉಬ್ಬಿದ ಆ ಪೈಪು ಬರೀ ಹೊಗೆ ಹೊರಹಾಕುವ ಕೊಳವೆಯಲ್ಲ. ಸುಡದೆ ಹೊರಜಾರಿದ ಮಿಶ್ರಣವನ್ನು ಅದರೊಳಗಿನ ಒತ್ತಡದ ಅಲೆ ಮರಳಿ ಸಿಲಿಂಡರಿಗೆ ತಳ್ಳುತ್ತದೆ. ಇದನ್ನು 1950ರ ದಶಕದಲ್ಲಿ ಹದಕ್ಕೆ ತಂದವರು ಪೂರ್ವ ಜರ್ಮನಿಯ ಎಂಝಡ್ ಕಂಪನಿಯ ವಾಲ್ಟರ್ ಕಾಡೆನ್. 1961ರಲ್ಲಿ ಅವರ ಸವಾರ ಅರ್ನ್‌ಸ್ಟ್ ಡೆಗ್ನರ್ ದೇಶ ಬಿಟ್ಟು ಸುಜುಕಿ ಸೇರಿದಾಗ ಈ ವಿದ್ಯೆಯೂ ಜಪಾನಿಗೆ ಹೋಯಿತು. 1970ರಿಂದ 72ರವರೆಗೆ ರೋಬೆರ್ ಸತತ ಮೂರು ಸಲ ವಿಶ್ವ ಚಾಂಪಿಯನ್ ಆದದ್ದು ಸುಜುಕಿ ಮೇಲೆಯೇ. ಪೈಪು ಎಲ್ಲಾದರೂ ನೆಗ್ಗಿದ್ದರೆ ಸರಿಮಾಡಿಸಿ, ಸಿಲಿಂಡರ್ ಬಳಿ ಸೋರದಂತೆ ನೋಡಿಕೊಳ್ಳಿ. ಆಕಾರ ಬದಲಿಸಲು ಹೋಗಬೇಡಿ.

ಹಂತ 6: ಚಕ್ರ, ಫೋರ್ಕ್, ಬ್ರೇಕ್

ಎರಡೂ ಫೋರ್ಕ್‌ಗಳ ಆಯಿಲ್ ಬದಲಿಸಿ, ಸಮ ಮಟ್ಟಕ್ಕೆ ತುಂಬಿ. ಟೈರಿಗೆ 12ರಿಂದ 14 ಪಿಎಸ್‌ಐ ಸಾಕು. ಅಷ್ಟು ಕಡಿಮೆ ಗಾಳಿಯಲ್ಲಿ ಟೈರ್ ರಿಮ್ ಮೇಲೆ ಜಾರಿ ಟ್ಯೂಬ್ ವಾಲ್ವ್ ಹರಿಯದಂತೆ ರಿಮ್ ಲಾಕ್ ಹಾಕಿಸಿ. ಮೂಲೆಯಿಂದ ಹೊರಬರುವಾಗ ಎಳೆತ ಸಾಲದಿದ್ದರೆ ಮುಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಕಡಿಮೆ ಮಾಡಿ. ಹಿಂದೆ ಮೂರು ನಾಲ್ಕು ಹಲ್ಲು ಹೆಚ್ಚಿಸಿದಷ್ಟೇ ಪರಿಣಾಮ, ಖರ್ಚು ಕಡಿಮೆ.

ಹಂತ 7: ಮೊದಲ ರೇಸ್

ಹೆಲ್ಮೆಟ್, ಗಾಗಲ್ಸ್, ಎದೆಗವಚ, ಮೊಣಕಾಲು ರಕ್ಷೆ, ಗಟ್ಟಿ ಬೂಟು ಇಲ್ಲದೆ ಅಭ್ಯಾಸಕ್ಕೂ ಇಳಿಯಬೇಡಿ. ಭಾರತದಲ್ಲಿ ಅಧಿಕೃತ ರೇಸ್‌ಗಳಿಗೆ ಮೋಟಾರ್ ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಲೈಸೆನ್ಸ್ ಬೇಕು. ಹಳೇ ಡ್ರಮ್ ಬ್ರೇಕು ನೀರು ತಾಗಿದರೆ ಹಿಡಿಯುವುದಿಲ್ಲ. ಕೆಸರುಗುಂಡಿ ದಾಟಿದ ಮೇಲೆ ಲಿವರನ್ನು ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಿ, ತಿರುವಿಗೆ ಹೊಸ ಬೈಕಿನವರಿಗಿಂತ ಮೊದಲೇ ಬ್ರೇಕ್ ಹಿಡಿಯಿರಿ. ಉಬ್ಬುತಗ್ಗಿನಲ್ಲಿ ಸೀಟಿನಿಂದ ಎದ್ದು ನಿಲ್ಲಿ, ಮಂಡಿಯಿಂದ ಟ್ಯಾಂಕ್ ಅಪ್ಪಿ ಹಿಡಿಯಿರಿ. ಹಿಂದಿನ ಸಸ್ಪೆನ್ಷನ್ ಆಡುವುದು ನಾಲ್ಕೇ ಇಂಚು, ಉಳಿದ ಹೊಡೆತವನ್ನು ನಿಮ್ಮ ಕಾಲುಗಳೇ ತಾಳಿಕೊಳ್ಳಬೇಕು.

ರೇಸ್ ಮುಗಿದ ಸಂಜೆಯೇ ಟ್ಯಾಂಕ್ ಮತ್ತು ಕಾರ್ಬ್ಯುರೇಟರ್ ಖಾಲಿ ಮಾಡಿ. ಎಥನಾಲ್ ಬೆರೆತ ಪೆಟ್ರೋಲು ತೇವ ಹೀರಿಕೊಂಡು ಟ್ಯಾಂಕಿಗೆ ತುಕ್ಕು ತರುತ್ತದೆ, ಹಳೇ ರಬ್ಬರನ್ನು ಊದಿಸುತ್ತದೆ. ಏರ್ ಫಿಲ್ಟರ್ ತೊಳೆದು, ಒಣಗಿಸಿ, ಆಯಿಲ್ ಹಚ್ಚಿ ಕೂರಿಸಿ. ಸ್ಪೋಕ್‌ಗಳನ್ನು ಒಂದೊಂದಾಗಿ ಸ್ಪ್ಯಾನರಿನಿಂದ ತಟ್ಟಿ ಕೇಳಿ. ಸಡಿಲವಾದದ್ದು ಮಂಕಾಗಿ ಸದ್ದು ಮಾಡುತ್ತದೆ, ಅದನ್ನು ಅಂದೇ ಬಿಗಿ ಮಾಡಿ.