ಅಜ್ಜಿ ಬೀಳಬಾರದು, ನಡಿಗೆಯೂ ನಿಲ್ಲಬಾರದು

ಮಕ್ಕಳೇ, ಮೊದಲು ಒಂದು ಸಣ್ಣ ಪ್ರಯೋಗ. ಗೋಡೆಯ ಪಕ್ಕ ನಿಂತು ಒಂದು ಕಾಲೆತ್ತಿ. ಎಷ್ಟು ಸೆಕೆಂಡು ನಿಂತಿರೆಂದು ಗೆಳೆಯರು ಎಣಿಸಲಿ. ಈಗ ಕಣ್ಣು ಮುಚ್ಚಿಕೊಂಡು ಅದನ್ನೇ ಮಾಡಿ. ಬೇಗನೆ ಓಲಾಡಿದಿರಿ, ಅಲ್ವಾ?

ನೆಟ್ಟಗೆ ನಿಲ್ಲಬೇಕಾದರೆ ಮೆದುಳಿಗೆ ಮೂರು ಕಡೆಯಿಂದ ಸುದ್ದಿ ಬರಬೇಕು: ಕಣ್ಣಿನಿಂದ, ಒಳಗಿವಿಯಿಂದ, ಪಾದ ಮತ್ತು ಕೀಲುಗಳ ನರಗಳಿಂದ. ಆ ಸುದ್ದಿಯಂತೆ ಮೆದುಳು ಕಾಲಿನ ಸ್ನಾಯುಗಳನ್ನು ಬಿಗಿ ಮಾಡುತ್ತದೆ, ಸಡಿಲಿಸುತ್ತದೆ. ನೀವು ಕಣ್ಣು ಮುಚ್ಚಿದಾಗ ಒಂದು ದಾರಿ ಮುಚ್ಚಿಹೋಯಿತು, ಅಷ್ಟೆ.

ವಯಸ್ಸಾದಂತೆ ಈ ಮೂರೂ ದಾರಿಗಳು ಮಂಕಾಗುತ್ತವೆ. ತೊಡೆಯ ಸ್ನಾಯು ಸೊರಗುತ್ತದೆ, ಎಲುಬಿನ ಗಟ್ಟಿತನ ಕಡಿಮೆಯಾಗುತ್ತದೆ. ಕೆಲವರಿಗೆ ಥಟ್ಟನೆ ಎದ್ದರೆ ರಕ್ತದೊತ್ತಡ ಇಳಿದು ತಲೆ ತಿರುಗುತ್ತದೆ. ಕೆಲವು ಮದ್ದುಗಳಿಂದಲೂ ಹಾಗಾಗುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ವರ್ಷಕ್ಕೆ 6,84,000 ಜನ ಬಿದ್ದು ಸಾಯುತ್ತಾರೆ. ಅವರಲ್ಲಿ 60 ದಾಟಿದವರೇ ಹೆಚ್ಚು.

ಬಿದ್ದ ಮೇಲೆ ಇನ್ನೊಂದು ಪೆಟ್ಟು ಉಂಟು. ಮಳೆಗಾಲದಲ್ಲಿ ಅಂಗಳದಲ್ಲಿ ಜಾರಿದ ಅಜ್ಜಿಗೆ ಎಲುಬು ಮುರಿಯದಿದ್ದರೂ ಹೆದರಿಕೆ ಉಳಿಯುತ್ತದೆ. ನಾವೂ ಪ್ರೀತಿಯಿಂದಲೇ “ಅಜ್ಜಿ, ಏಳಬೇಡ, ಅಲ್ಲೇ ಕೂತಿರು” ಅನ್ನುತ್ತೇವೆ. ಕೂತಲ್ಲೇ ಕೂತರೆ ಸ್ನಾಯು ಇನ್ನಷ್ಟು ಸೊರಗುತ್ತದೆ. ಮತ್ತೆ ಬೀಳುವ ಸಂಭವ ಹೆಚ್ಚುತ್ತದೆ. ಹೂ ಕೊಯ್ಯುವುದು, ಹಟ್ಟಿಗೆ ಹೋಗುವುದು, ಕೊನೆಗೆ ಮೀಯುವುದಕ್ಕೂ ಇನ್ನೊಬ್ಬರ ಕೈ ಬೇಕಾಗುತ್ತದೆ. ಹಾಗಾಗಿ ಅಜ್ಜಿಯನ್ನು ಕೂರಿಸಬೇಡಿ, ಮನೆಯನ್ನು ಸರಿಮಾಡಿ.

ಈ ವಾರ ನಿಮ್ಮ ಮನೆಯಲ್ಲಿ ಇವನ್ನು ಪರೀಕ್ಷಿಸಿ, ಪುಸ್ತಕದಲ್ಲಿ ಬರೆಯಿರಿ:

1. ಅಂಗಳ, ಮೆಟ್ಟಿಲುಗಳಲ್ಲಿ ಹಾವಸೆ ಇದೆಯೇ? ಇದ್ದರೆ ತಿಕ್ಕಿ ತೆಗೆಯಿರಿ.
2. ಬಚ್ಚಲಲ್ಲಿ ಹಿಡಿದುಕೊಳ್ಳಲು ಗಟ್ಟಿ ಸರಳು ಇದೆಯೇ? ನೆಲ ಒದ್ದೆ ಇರುತ್ತದೆಯೇ?
3. ರಾತ್ರಿ ಹಾಸಿಗೆಯಿಂದ ಕಕ್ಕಸಿನವರೆಗೆ ಬೆಳಕಿದೆಯೇ?
4. ಕಾಲೊರಸು ಜಾರುತ್ತದೆಯೇ? ಅಜ್ಜಿಯ ಚಪ್ಪಲಿಯ ಅಡಿ ಸವೆದಿದೆಯೇ?
5. ಮಲಗಿದವರು ಏಳುವಾಗ ಸ್ವಲ್ಪ ಹೊತ್ತು ಕೂತು, ಆಮೇಲೆ ನಿಲ್ಲುತ್ತಾರೆಯೇ?

ಇನ್ನೊಂದು ಕೆಲಸ. ಡಾಕ್ಟರರು ಬೇಡ ಅನ್ನದಿದ್ದರೆ, ದಿನಾ ಸಂಜೆ ಅಜ್ಜಿಯ ಜೊತೆ ಗೋಡೆಗೆ ತಾಗಿಸಿದ ಕುರ್ಚಿಯಿಂದ ನಿಧಾನವಾಗಿ ಏಳುವುದು, ಕೂರುವುದು ಮಾಡಿ. ತೊಡೆಗೆ ಬಲ ಬರುತ್ತದೆ. ನೀವು ಪಕ್ಕದಲ್ಲೇ ಇರಿ.

ಯಾರಾದರೂ ಬಿದ್ದರೆ ಗಾಬರಿಯಿಂದ ಎಳೆದು ಎಬ್ಬಿಸಬೇಡಿ. ಎಲ್ಲಿ ನೋವು ಅಂತ ಕೇಳಿ. ಸೊಂಟದ ಬಳಿ ತುಂಬಾ ನೋವಿದ್ದರೆ, ಒಂದು ಕಾಲು ಗಿಡ್ಡವಾದಂತೆ ಅಥವಾ ಹೊರಗೆ ತಿರುಗಿದಂತೆ ಕಂಡರೆ, ಅಲುಗಾಡಿಸದೆ ದೊಡ್ಡವರನ್ನು ಕರೆಯಿರಿ, 108ಕ್ಕೆ ಫೋನ್ ಮಾಡಿ. ತಲೆಗೆ ಪೆಟ್ಟಾದರೂ ಆಸ್ಪತ್ರೆಗೆ ಹೋಗಲೇಬೇಕು.

ಕೊನೆಗೊಂದು ಪ್ರಶ್ನೆ: ನಿಮ್ಮ ಅಜ್ಜ ಅಜ್ಜಿ ಇವತ್ತು ಯಾರ ಸಹಾಯವೂ ಇಲ್ಲದೆ ಮಾಡುವ ಕೆಲಸಗಳು ಯಾವುವು? ಪಟ್ಟಿ ಮಾಡಿ. ಮುಂದಿನ ವರ್ಷವೂ ಆ ಪಟ್ಟಿ ಅಷ್ಟೇ ಉದ್ದ ಇರುವ ಹಾಗೆ ನೋಡಿಕೊಳ್ಳಿ.