ಕುಮಾರ ಪರ್ವತಕ್ಕೆ ಒಂದು ದಿನದ ಲೆಕ್ಕ



ಮಳೆ ಬಿಟ್ಟ ಮೇಲೆ ನಮ್ಮ ಶಾಲೆಯ ಜಗಲಿಯಲ್ಲಿ ನಿಂತು ಮೂಡು ದಿಕ್ಕಿಗೆ ನೋಡಿದರೆ ಕಾಣುವ ದೊಡ್ಡ ನೀಲಿ ಬೆಟ್ಟವೇ ಕುಮಾರ ಪರ್ವತ. ಕೊಡಗಿನವರು ಇದನ್ನು ಪುಷ್ಪಗಿರಿ ಎನ್ನುತ್ತಾರೆ. ಇದರ ಎತ್ತರ ಸಮುದ್ರ ಮಟ್ಟದಿಂದ 1712 ಮೀಟರ್. ಕೊಡಗು ಜಿಲ್ಲೆಯಲ್ಲಿ ತಡಿಯಂಡಮೋಳ್ (1748 ಮೀಟರ್) ಬಿಟ್ಟರೆ ಇದೇ ಎತ್ತರದ್ದು. ಸುತ್ತಲಿನ ಕಾಡು 1987ರಿಂದ ಪುಷ್ಪಗಿರಿ ವನ್ಯಜೀವಿ ಧಾಮ. 2012ರಲ್ಲಿ ಪಶ್ಚಿಮ ಘಟ್ಟದ ಕೆಲವು ಕಾಡುಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಇದೂ ಸೇರಿತು. ಕುಮಾರಧಾರಾ ನದಿ ಈ ಬೆಟ್ಟಗಳಲ್ಲಿ ಹುಟ್ಟಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಇದಿಷ್ಟು ಎಲ್ಲರಿಗೂ ಗೊತ್ತಿರುವ ವಿಷಯ.

ಈಗ ಮುಖ್ಯ ವಿಷಯ. ಡಿಸೆಂಬರ್ ರಜೆಯಲ್ಲಿ ನನ್ನನ್ನೂ ನಮ್ಮ ತರಗತಿಯ ಇಬ್ಬರನ್ನೂ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ನನ್ನ ಸೋದರಮಾವ ಹೇಳಿದ್ದಾರೆ. ಅಜ್ಜಿ ಕೂಡಲೇ ಬೇಡ ಅಂದರು. ಅಪ್ಪ ಬೇಡ ಅನ್ನಲಿಲ್ಲ. "ಹತ್ತುದು ದೊಡ್ಡದಲ್ಲ ಮಾರಾಯ, ಬೆಳಕಿರುವಾಗ ಕೆಳಗೆ ಬರುದು ಹೇಗೆ ಅಂತ ಕಾಗದದಲ್ಲಿ ಬರೆದು ತೋರಿಸು. ಲೆಕ್ಕ ಸರಿ ಬಂದರೆ ಹೋಗು" ಅಂದರು. ಹಾಗಾಗಿ ಈ ಲೇಖನ ಬೆಟ್ಟದ ವರ್ಣನೆ ಅಲ್ಲ, ಬೆಟ್ಟದ ಲೆಕ್ಕ. ಲೆಕ್ಕ ಇಷ್ಟ ಇಲ್ಲದವರೂ ಓದಿ, ಇದರಲ್ಲಿ ಬೀಜಗಣಿತ ಇಲ್ಲ.

ಮೊದಲು ದಾರಿ ಹೇಗುಂಟು ಎಂದು ತಿಳಿಯಬೇಕು. ಕುಕ್ಕೆ ಸುಬ್ರಹ್ಮಣ್ಯದಿಂದ ತುದಿಗೆ ಸುಮಾರು 13 ಕಿ.ಮೀ. ಮೊದಲಿನ ಆರು ಕಿ.ಮೀ. ದಟ್ಟ ಕಾಡು. ಬೇರುಗಳೇ ಮೆಟ್ಟಿಲು. ನಡುವೆ ಭೀಮನ ಕಲ್ಲು ಎಂಬ ದೊಡ್ಡ ಬಂಡೆ ಸಿಗುತ್ತದೆ. ಕಾಡು ಮುಗಿದ ಮೇಲೆ ಗಿರಿಗದ್ದೆ. ಅಲ್ಲಿರುವ ಭಟ್ಟರ ಮನೆ ಬೆಟ್ಟ ಹತ್ತುವವರಿಗೆ ಬಹಳ ವರ್ಷ ಊಟ ಹಾಕಿದ ಮನೆ. ಅದರ ಮೇಲೆ ಅರಣ್ಯ ಇಲಾಖೆಯ ತಪಾಸಣೆ ಉಂಟು. ಅಲ್ಲಿಂದ ಮುಂದೆ ಬರೀ ಹುಲ್ಲಿನ ಬೋಳು ಗುಡ್ಡ, ನೆರಳಿಗೆ ಒಂದು ಮರ ಇಲ್ಲ. ಆಮೇಲೆ ಕಲ್ಲು ಮಂಟಪ. ಅದರಿಂದ ಮೇಲೆ ಶೇಷ ಪರ್ವತ, ಬಲು ಕಡಿದು. ಶೇಷ ಪರ್ವತ ಹತ್ತಿದವರು ಬೆಟ್ಟ ಮುಗಿಯಿತು ಅಂದುಕೊಳ್ಳುತ್ತಾರಂತೆ. ಮುಗಿದಿರುವುದಿಲ್ಲ. ಹತ್ತಿದ್ದರಲ್ಲಿ ಸ್ವಲ್ಪ ಇಳಿದು, ಒಂದು ಸಣ್ಣ ಕಾಡು ದಾಟಿ, ಜಾರುವ ಬಂಡೆ ಹತ್ತಿದರೆ ಮಾತ್ರ ಕುಮಾರ ಪರ್ವತದ ತುದಿ. "ಅಲ್ಲಿ ಅರ್ಧ ಜನ ಕೂತು ಬಿಡ್ತಾರೆ" ಎಂದು ಮಾವ ನಗುತ್ತಾರೆ.

ಸುಬ್ರಹ್ಮಣ್ಯ ಇರುವುದು ಸಮುದ್ರ ಮಟ್ಟದಿಂದ ನೂರು ಮೀಟರಿಗಿಂತ ಸ್ವಲ್ಪ ಮೇಲೆ. ಆದ್ದರಿಂದ ಏರಬೇಕಾದದ್ದು ಸುಮಾರು 1600 ಮೀಟರ್. ದೆಹಲಿಯ ಕುತುಬ್ ಮಿನಾರ್ 73 ಮೀಟರ್ ಎಂದು ಪುಸ್ತಕದಲ್ಲಿ ಓದಿದ್ದೇವಲ್ಲ, ಅಂಥ 22 ಮಿನಾರುಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ.

ಸರಿ, 13 ಕಿ.ಮೀ. ನಡೆಯಲು ಎಷ್ಟು ಹೊತ್ತು ಬೇಕು? ರಸ್ತೆಯಲ್ಲಾದರೆ ಗಂಟೆಗೆ 5 ಕಿ.ಮೀ. ಲೆಕ್ಕ ಹಾಕಬಹುದು. ಬೆಟ್ಟದಲ್ಲಿ ಆಗುವುದಿಲ್ಲ. ಇದಕ್ಕೆ ನಮ್ಮ ಗಣಿತ ಮಾಷ್ಟ್ರು ಒಂದು ಸೂತ್ರ ಹೇಳಿಕೊಟ್ಟರು. ಸ್ಕಾಟ್ಲೆಂಡ್ ದೇಶದ ವಿಲಿಯಂ ನೇಯ್ಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಮಾಡಿದ ಸೂತ್ರ ಅದು. ಪ್ರತಿ ಮೂರು ಮೈಲಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 2000 ಅಡಿ ಏರಿಗೆ ಇನ್ನೊಂದು ಗಂಟೆ. ನಮ್ಮ ಅಳತೆಯಲ್ಲಿ ಹೇಳುವುದಾದರೆ 5 ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಗೆ ಒಂದು ಗಂಟೆ. ದೂರ ಬೇರೆ, ಎತ್ತರ ಬೇರೆ, ಎರಡಕ್ಕೂ ಬೇರೆ ಬೇರೆ ಸಂಬಳ ಕೊಡಬೇಕು ಎಂಬುದು ಇದರ ಅರ್ಥ. ನನಗೆ ಇದು ಬಹಳ ಇಷ್ಟವಾಯಿತು.

ಈಗ ಲೆಕ್ಕ ಮಾಡೋಣ. 13 ಕಿ.ಮೀ.ಗೆ 2 ಗಂಟೆ 36 ನಿಮಿಷ. 1600 ಮೀಟರ್ ಏರಿಗೆ 2 ಗಂಟೆ 40 ನಿಮಿಷ. ಒಟ್ಟು 5 ಗಂಟೆ 16 ನಿಮಿಷ. ಆದರೆ ಇದು ಗಟ್ಟಿ ಆಳು ಎಲ್ಲಿಯೂ ನಿಲ್ಲದೆ ನಡೆದರೆ ಮಾತ್ರ. ನಾವು ಮಕ್ಕಳು, ಕೂರುತ್ತೇವೆ, ನೀರು ಕುಡಿಯುತ್ತೇವೆ, ಹಕ್ಕಿ ನೋಡುತ್ತೇವೆ. ಅದಕ್ಕೆ ಅರ್ಧ ಪಾಲು ಹೆಚ್ಚು ಸೇರಿಸಿ ಎಂದು ಮಾಷ್ಟ್ರು ಹೇಳಿದರು. ಸೇರಿಸಿದರೆ 7 ಗಂಟೆ 54 ನಿಮಿಷ, ಅಂದರೆ ಹತ್ತಿರ ಹತ್ತಿರ ಎಂಟು ಗಂಟೆ.

ಇಳಿಯಲು ಕಡಿಮೆ ಸಾಕು ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಹತ್ತುವಾಗ ಉಸಿರು ಸೋಲುತ್ತದೆ, ಇಳಿಯುವಾಗ ಕಾಲು ಸೋಲುತ್ತದೆ. ಇಳಿಯುವಾಗ ತೊಡೆಯ ಸ್ನಾಯು ಗಾಡಿಯ ಬ್ರೇಕಿನ ಹಾಗೆ ದೇಹವನ್ನು ಹಿಡಿದು ಹಿಡಿದು ಬಿಡಬೇಕು. ಮರುದಿನ ತೊಡೆ ನೋಯುವುದು ಹೆಚ್ಚಾಗಿ ಇಳಿದದ್ದಕ್ಕೇ, ಹತ್ತಿದ್ದಕ್ಕಲ್ಲ. ಅಲ್ಲದೆ ತರಗೆಲೆಯ ಅಡಿಯಲ್ಲಿ ಬೇರು ಕಾಣುವುದಿಲ್ಲ, ಉರುಟು ಕಲ್ಲು ಜಾರುತ್ತದೆ. ಆದ್ದರಿಂದ ಇಳಿಯಲು ಐದು ಗಂಟೆ ಇಟ್ಟಿದ್ದೇನೆ. ಮಾವನಿಗೂ ಅಷ್ಟೇ ಹಿಡಿಯುತ್ತದಂತೆ.

ಇನ್ನು ಬೆಳಕು. ಡಿಸೆಂಬರ್ ಕೊನೆಯಲ್ಲಿ ನಮ್ಮಲ್ಲಿ ಸೂರ್ಯ ಮೂಡುವುದು ಸುಮಾರು 6.45ಕ್ಕೆ, ಮುಳುಗುವುದು 6.10ಕ್ಕೆ. ವರ್ಷದಲ್ಲೇ ಅತಿ ಚಿಕ್ಕ ಹಗಲುಗಳು ಅವು. ನೆಲ ಕಾಣುವಷ್ಟು ಬೆಳಕು 6.30ಕ್ಕೆ ಬರುತ್ತದೆ ಎಂದು ಇಟ್ಟುಕೊಂಡು ಆಗ ಹೊರಟರೆ, ನಾವು ತುದಿ ಮುಟ್ಟುವುದು ಮಧ್ಯಾಹ್ನ 2.24ಕ್ಕೆ. ಒಂದು ನಿಮಿಷವೂ ಕೂರದೆ ತಿರುಗಿದರೂ ಕೆಳಗೆ ಬರುವುದು ರಾತ್ರಿ 7.24ಕ್ಕೆ. ಸೂರ್ಯ ಮುಳುಗಿ ಒಂದೂಕಾಲು ಗಂಟೆ! ಅದೂ ಕೊನೆಯ ಆರು ಕಿ.ಮೀ. ಕಾಡು. ಕಾಡಿನೊಳಗೆ ಕತ್ತಲೆ ಬಯಲಿಗಿಂತ ಮೊದಲೇ ಬರುತ್ತದೆ. ಅದು ಆನೆ ಇರುವ ಕಾಡು ಕೂಡ. ತುದಿಯಲ್ಲಿ ಡೇರೆ ಹಾಕಿ ಮಲಗಲು ಬಿಡುವುದಿಲ್ಲ, ಬಿಟ್ಟರೂ ಅಜ್ಜಿ ಬಿಡುವುದಿಲ್ಲ.

ಅಂದರೆ ಮಾವ ಒಬ್ಬರೇ ಹೋದರೆ ಲೆಕ್ಕ ಸರಿ ಬರುತ್ತದೆ, ನಾವು ಸೇರಿದರೆ ಬರುವುದಿಲ್ಲ. ಇದನ್ನು ಮೂರು ಸಲ ಮಾಡಿ ನೋಡಿದೆ. ಮೂರು ಸಲವೂ ಅದೇ ಬಂತು.

ಹಾಗಾದರೆ ಹೋಗುವುದೇ ಬೇಡವೇ? ಹಾಗೆಂತ ಇಲ್ಲ. ಲೆಕ್ಕವನ್ನು ತಲೆಕೆಳಗೆ ಮಾಡಬೇಕು. ತುದಿಯಿಂದ ಶುರು ಮಾಡುವ ಬದಲು ಸಂಜೆಯಿಂದ ಶುರು ಮಾಡಬೇಕು. ಸೂರ್ಯಾಸ್ತ 6.10. ಯಾರಿಗಾದರೂ ಕಾಲು ಉಳುಕಿದರೆ, ದಾರಿ ತಪ್ಪಿದರೆ ಎಂದು ಒಂದು ಗಂಟೆ ಕೈಯಲ್ಲಿ ಇರಲಿ. ಹಾಗಾದರೆ 5.10ಕ್ಕೆ ಕೆಳಗೆ ಇರಬೇಕು. ಇಳಿಯಲು ಐದು ಗಂಟೆ ಕಳೆದರೆ 12.10. ಆದ್ದರಿಂದ ಹನ್ನೆರಡು ಗಂಟೆಗೆ ನಾವು ಎಲ್ಲೇ ಇರಲಿ, ಅಲ್ಲಿಂದಲೇ ತಿರುಗಬೇಕು. ಇದನ್ನು ಮನೆಯಲ್ಲೇ ತೀರ್ಮಾನಿಸಿ ಹೋಗಬೇಕು. ಯಾಕೆಂದರೆ ಮೇಲೆ ಹೋದ ಮೇಲೆ ತುದಿ ಕಣ್ಣೆದುರೇ ಕಾಣುತ್ತದೆ, "ಇನ್ನು ಸ್ವಲ್ಪವೇ" ಎಂದು ಎಲ್ಲರೂ ಹೇಳುತ್ತಾರೆ, ಆಗ ಯಾರೂ ಗಡಿಯಾರ ನೋಡುವುದಿಲ್ಲ. ನನ್ನ ಲೆಕ್ಕದಂತೆ ಹನ್ನೆರಡಕ್ಕೆ ನಾವು ಕಲ್ಲು ಮಂಟಪದ ಆಸುಪಾಸಿನಲ್ಲಿ ಇರುತ್ತೇವೆ. ಶೇಷ ಪರ್ವತ ನಮಗೆ ಕಾಣುತ್ತದೆ, ಸಿಗುವುದಿಲ್ಲ.

ಹನ್ನೆರಡಕ್ಕೆ ತಿರುಗುವುದರಲ್ಲಿ ಇನ್ನೊಂದು ಲಾಭ ಉಂಟು. ಅಕ್ಟೋಬರ್, ನವೆಂಬರ್‌ನಲ್ಲಿ ಗುಡುಗು ಮಳೆ ಹೆಚ್ಚಾಗಿ ಬರುವುದು ಮಧ್ಯಾಹ್ನದ ಮೇಲೆ. ಬೋಳು ಗುಡ್ಡದಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನಾವೇ ಆಗಿರುತ್ತೇವೆ. ಸಿಡಿಲಿಗೆ ಅಷ್ಟು ಸಾಕು.

ನೀರಿನ ಲೆಕ್ಕವೂ ಹೀಗೆಯೇ ಆಶ್ಚರ್ಯ ತರುತ್ತದೆ. ಹತ್ತುವಾಗ ಗಂಟೆಗೆ ಅರ್ಧ ಲೀಟರ್ ಬೇಕು ಎನ್ನುತ್ತಾರೆ. ದಿನಕ್ಕೆ ಹತ್ತು ಹನ್ನೊಂದು ಗಂಟೆ ನಡೆದರೆ ಐದೂವರೆ ಲೀಟರ್, ಅಂದರೆ ಐದೂವರೆ ಕಿಲೋ ಭಾರ. ನನ್ನ ತೂಕವೇ 34 ಕಿಲೋ! ಅದನ್ನೆಲ್ಲ ಹೊರಲು ಆಗುವುದಿಲ್ಲ. ಗಿರಿಗದ್ದೆಯಲ್ಲಿ ನೀರು ಸಿಗುತ್ತದೆ. ಕಲ್ಲು ಮಂಟಪದ ಹತ್ತಿರದ ತೊರೆ ಬೇಸಿಗೆಯಲ್ಲಿ ಒಣಗುತ್ತದೆ, ಅದನ್ನು ನಂಬುವ ಹಾಗಿಲ್ಲ. ಆದ್ದರಿಂದ ಕೆಳಗಿನಿಂದ ಒಂದೂವರೆ ಲೀಟರ್, ಗಿರಿಗದ್ದೆಯಿಂದ ಮೂರು ಲೀಟರ್, ಇಳಿಯುವಾಗ ಅಲ್ಲೇ ಪುನಃ ತುಂಬಿಸುವುದು. ಸ್ಟೀಲ್ ಬಾಟಲಿ ಆಗಬೇಕು, ಬಿಸಾಡುವ ಪ್ಲಾಸ್ಟಿಕ್ ಬೇಡ.

ಬುತ್ತಿಗೆ ಚಪಾತಿ, ಬೆಲ್ಲ ಕಲಸಿದ ಅವಲಕ್ಕಿ, ನೆಲಕಡಲೆ, ಬಾಳೆಹಣ್ಣು. ಉಪ್ಪು ಸಕ್ಕರೆ ಬೆರೆಸಿದ ನಿಂಬೆ ಶರಬತ್ತು ಬೇಕೇ ಬೇಕು, ಬೆವರಿನಲ್ಲಿ ಉಪ್ಪೂ ಹೋಗುತ್ತದೆ. ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪು. ಟಾರ್ಚು ಬೇಕು, ಆದರೆ ಟಾರ್ಚು ಇದೆ ಎಂದು ತಡ ಮಾಡಬಾರದು. ಮೇಲೆ ಚಳಿ ಇರುತ್ತದೆ. ಸಾವಿರ ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. 1600 ಮೀಟರಿಗೆ ಹತ್ತು ಡಿಗ್ರಿಯಾಯಿತು. ಬೆವರಿದ ಅಂಗಿಗೆ ಗಾಳಿ ಹೊಡೆದರೆ ನಡುಕ ಬರುತ್ತದೆ, ಒಂದು ಸ್ವೆಟರ್ ಇರಲಿ. ಹೊಸ ಬೂಟು ಹಾಕಿಕೊಂಡು ಹೋಗುವುದು ಬೇಡ, ಕಾಲಿಗೆ ಬೊಬ್ಬೆ ಬರುತ್ತದೆ.

ಎಲ್ಲಕ್ಕಿಂತ ಮೊದಲು ಅನುಮತಿ. 2024ರ ಜನವರಿ ಕೊನೆಯ ರಜೆಯಲ್ಲಿ ಬೆಟ್ಟಕ್ಕೆ ಜನ ಸಾಲುಗಟ್ಟಿದ್ದರು. ಆಮೇಲೆ ಅರಣ್ಯ ಇಲಾಖೆ ಕೆಲವು ತಿಂಗಳು ಚಾರಣ ನಿಲ್ಲಿಸಿ, ಮುಂಗಡ ಬುಕಿಂಗ್ ಕ್ರಮ ತಂದಿತು. ಮಳೆಗಾಲದಲ್ಲೂ ಬೆಂಕಿ ಬೀಳುವ ಬೇಸಿಗೆಯಲ್ಲೂ ದಾರಿ ಮುಚ್ಚುತ್ತಾರೆ. ಮಕ್ಕಳನ್ನು ಬಿಡುತ್ತಾರೋ, ಗೇಟು ಎಷ್ಟು ಹೊತ್ತಿಗೆ ತೆರೆಯುತ್ತದೋ ಎಂದು ಮೊದಲೇ ಕೇಳಬೇಕು. ಏಳೂವರೆಗೆ ಬಿಟ್ಟರೆ ಹತ್ತುವ ಹೊತ್ತಿನಲ್ಲಿ ಒಂದು ಗಂಟೆ ಹೋಯಿತು, ಹನ್ನೆರಡು ಮಾತ್ರ ಹನ್ನೆರಡೇ.

ಇನ್ನೊಂದು ದಾರಿಯೂ ಉಂಟು, ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ. ಅಲ್ಲಿ ನೆಲವೇ ಎತ್ತರ, ದೂರವೂ ಸುಮಾರು ಅರ್ಧ. ಆದರೆ ನಮ್ಮೂರಿನಿಂದ ಘಾಟಿ ಸುತ್ತಿ ಹೋಗಬೇಕು, ಹಿಂದಿನ ದಿನವೇ ಹೋಗಿ ಯಾರ ಮನೆಯಲ್ಲಾದರೂ ಉಳಿಯಬೇಕು. ಅಪ್ಪನಿಗೆ ಕುಕ್ಕೆಯ ಲೆಕ್ಕ ತೋರಿಸಿದಾಗ, "ಆ ಕಡೆಯದ್ದನ್ನೂ ಮಾಡು, ನೋಡುವ" ಅಂದಿದ್ದಾರೆ.

ಅಭ್ಯಾಸ: ಬೀದಳ್ಳಿಯಿಂದ ತುದಿಗೆ 7 ಕಿ.ಮೀ., ಏರು 800 ಮೀಟರ್ ಎಂದು ಇಟ್ಟುಕೊಳ್ಳಿ. ನೇಯ್ಸ್ಮಿತ್ ಸೂತ್ರಕ್ಕೆ ಅರ್ಧ ಪಾಲು ಸೇರಿಸಿ. ಬೆಳಿಗ್ಗೆ 6.30ಕ್ಕೆ ಹೊರಟ ಮೂವರು ಮಕ್ಕಳು ಮತ್ತು ಒಬ್ಬ ಮಾವ ತುದಿ ಮುಟ್ಟುವುದು ಎಷ್ಟು ಗಂಟೆಗೆ? ಇಳಿಯಲು ಮೂರು ಗಂಟೆಯಾದರೆ, ಮೇಲೆ ಕೂತು ಬುತ್ತಿ ಉಣ್ಣಲು ಎಷ್ಟು ಹೊತ್ತು ಸಿಗುತ್ತದೆ? ಉತ್ತರ ಬರೆದ ಚೀಟಿಯನ್ನು ಶನಿವಾರದ ಒಳಗೆ ಏಳನೇ ತರಗತಿಯ ಕಿಟಕಿಯ ಡಬ್ಬಿಗೆ ಹಾಕಿ.