ಹಲಗೆ ಹೊಡೆದ ಗಾಡಿ

ಸುಗ್ಗಿ ಬಂತು. ಹತ್ತಿ ಬಿಡಿಸೋಕೆ ನಮ್ಮ ಹೆಂಗಸರು ಪಕ್ಕದೂರಿಗೆ ಹೋಗುತ್ತಾರೆ. ಬೆಳಿಗ್ಗೆ ಮೇಸ್ತ್ರಿ ಗೂಡ್ಸ್ ಗಾಡಿ ತರುತ್ತಾನೆ. ಹಿಂದುಗಡೆ ಕೂರಲು ಅಡ್ಡ ಹಲಗೆ ಹೊಡೆಸಿದ್ದಾನೆ.

ಈ ಗಾಡಿ ಮಾಡಿದ್ದು ಮೂಟೆ ಸಾಗಿಸಲು. ಮೂಟೆ ಕೆಳಗೆ ಮಲಗಿರುತ್ತದೆ. ಹಲಗೆ ಮೇಲೆ ಕೂತರೆ ಭಾರ ಮೇಲೇರುತ್ತದೆ. ತಿರುವಿನಲ್ಲಿ ಗಾಡಿ ವಾಲುತ್ತದೆ, ಮಗುಚುತ್ತದೆ. ಹಿಡಿದುಕೊಳ್ಳೋಕೆ ಏನೂ ಇರೋದಿಲ್ಲ.

"ಪೊಲೀಸರು ಗಾಡಿ ಹಿಡಿದರೆ ಆ ದಿನದ ಕೂಲಿ ಹೋಗುತ್ತಲ್ಲ ಟೀಚರಮ್ಮ?" ಎಂದು ಒಬ್ಬ ಅಕ್ಕ ಕೇಳಿದರು. ಆ ಮಾತು ಸುಳ್ಳಲ್ಲ. ನಾವು ಕಾಯ್ದೆ ತೆಗೆದು ಓದಿದೆವು. ಮೋಟಾರು ವಾಹನ ಕಾಯ್ದೆ 1988ರದು. 2019ರಲ್ಲಿ ತಿದ್ದುಪಡಿ ಆಯಿತು. ಕಾನೂನು ಒಪ್ಪದ ಹಾಗೆ ಗಾಡಿ ಬದಲಾಯಿಸಿದರೆ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೆ 6 ತಿಂಗಳವರೆಗೆ ಜೈಲು. ಎರಡೂ ಆಗಬಹುದು. ಈ ದಂಡ ಹತ್ತಿದವರಿಗಲ್ಲ.

ವಿಮೆಯ ಸಂಗತಿ ಇನ್ನೂ ಕಷ್ಟದ್ದು. ಸರಕಿನ ಗಾಡಿಯಲ್ಲಿ ಪ್ರಯಾಣಿಕರಾಗಿ ಹೋದವರಿಗೆ ವಿಮಾ ಕಂಪನಿ ಪರಿಹಾರದ ಹೊಣೆ ಹೊರುವುದಿಲ್ಲ. ಸುಪ್ರೀಂ ಕೋರ್ಟೂ ಹೀಗೇ ತೀರ್ಪು ಕೊಟ್ಟಿದೆ. ಮಾಲೀಕನೇ ಕೊಡಬೇಕು. ಅವನ ಕೈಲಿ ಇಲ್ಲದಿದ್ದರೆ?

ಗಾಡಿಯ ಆರ್.ಸಿ.ಯಲ್ಲಿ ಎಷ್ಟು ಸೀಟು ಎಂದು ಬರೆದಿರುತ್ತದೆ. ಮರುದಿನ ಆ ಅಕ್ಕ ಮೇಸ್ತ್ರಿಯಿಂದ ಅದನ್ನು ಕೇಳಿ ಪಡೆದರು. ಅಂಕಿ ಓದಿದರು. 2 ಎಂದಿತ್ತು. ಹತ್ತಿದ್ದವರು 14 ಜನ.